ಹೆಬ್ಬಾವಿನ ಮರಿಯೆಂದು ಕೈ ಹಾಕಬೇಡಿ

ನಾಯಿ, ಬೆಕ್ಕು, ಗಿಳಿ ಸಾಕಿದಂತೆ ಹಾವು ಸಾಕುವ ಹವ್ಯಾಸವೂ ನಮ್ಮ ನಗರಗಳಿಗೆ ಬಂದಿದೆ. ಅಮೆರಿಕ ಖಂಡದ ಕಾಡುಗಳ ‘ಬೋವಾ ಕನ್‌ಸ್ಟ್ರಿಕ್ಟರ್’ ಹಾವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಮರಿ ಮಾಡಿಸುವವರೂ ಇದ್ದಾರೆ. ಅಂಥ ದೃಶ್ಯಗಳನ್ನು ಮೊಬೈಲಿನಲ್ಲಿ ನೋಡಿದ ಮಕ್ಕಳು, ‘ನಮ್ಮ ಹಿತ್ತಲಲ್ಲಿಯೂ ಇಂಥದೇ ಹಾವು ಬರುತ್ತದಲ್ಲ, ಸಾಕೋಣವೇ?’ ಎಂದು ಕೇಳಬಹುದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯ ತಂದೆತಾಯಿಯರು ಇದಕ್ಕೆ ಸ್ಪಷ್ಟವಾಗಿ ‘ಬೇಡ’ ಎನ್ನಬೇಕು. ಏಕೆಂದರೆ ಇದು ಜೀವದ ಪ್ರಶ್ನೆ.

ನೋಡಲು ಒಂದೇ, ಗುಣ ಬೇರೆ

ಬೋವಾ ಹಾವಿಗೆ ವಿಷವಿಲ್ಲ. ಅದು ಬೇಟೆಯನ್ನು ಸುತ್ತಿ ಹಿಸುಕಿ ಕೊಲ್ಲುತ್ತದೆ. ನಮ್ಮಲ್ಲಿರುವ ಅದರ ಬಂಧುಗಳೆಂದರೆ ಮಣ್ಣುಮುಕ್ಕ ಹಾವುಗಳು. ಮೊಂಡು ಬಾಲವೂ ತಲೆಯಂತೆಯೇ ಕಾಣುವುದರಿಂದ ಇವುಗಳಲ್ಲಿ ಒಂದು ಜಾತಿಗೆ ‘ಎರಡು ತಲೆ ಹಾವು’ ಎಂಬ ಹೆಸರು ಬಂದಿದೆ. ಇದನ್ನು ಮನೆಯಲ್ಲಿಟ್ಟರೆ ಸಂಪತ್ತು ಬರುತ್ತದೆ, ರೋಗ ವಾಸಿಯಾಗುತ್ತದೆ ಎಂಬುದು ಶುದ್ಧ ಮೂಢನಂಬಿಕೆ. ಮಣ್ಣುಮುಕ್ಕ ಹಾವಿಗೂ ಹೆಬ್ಬಾವಿಗೂ ವಿಷವಿಲ್ಲ.

ಅಪಾಯವಿರುವುದು ಇನ್ನೊಂದು ಕಡೆ. ಚುಕ್ಕೆಗಳಿರುವ ಮಣ್ಣುಮುಕ್ಕ ಹಾವು, ಹೆಬ್ಬಾವಿನ ಮರಿ ಮತ್ತು ಕೊಳಕುಮಂಡಲ, ಈ ಮೂರೂ ದಪ್ಪ ಮೈಯವು. ಕಂದು ಬಣ್ಣದ ಮೇಲೆ ಕಪ್ಪು ಮಚ್ಚೆಯವು. ಕೊಳಕುಮಂಡಲ ನಮ್ಮ ದೇಶದ ಅತ್ಯಂತ ಅಪಾಯಕಾರಿ ಹಾವುಗಳಲ್ಲೊಂದು. ಹೆಬ್ಬಾವಿನ ಮೊಟ್ಟೆ ಒಡೆದು ಮರಿಗಳು ಹೊರಬರುವ ಮಳೆಗಾಲದ ದಿನಗಳಲ್ಲಿಯೇ ಕೊಳಕುಮಂಡಲವೂ ಮರಿ ಹಾಕುತ್ತದೆ. ಗೇಣುದ್ದದ ಆ ಮರಿಗೂ ಹುಟ್ಟಿದ ಕ್ಷಣದಿಂದಲೇ ವಿಷವಿರುತ್ತದೆ.

ಕೊಳಕುಮಂಡಲದ ತಲೆ ತ್ರಿಕೋನಾಕಾರವಾಗಿದ್ದು, ಬೆನ್ನಿನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆಗಳಿರುತ್ತವೆ. ಕೆಣಕಿದರೆ ಕುಕ್ಕರಿನಂತೆ ಜೋರಾಗಿ ಬುಸುಗುಡುತ್ತದೆ. ಆದರೆ ಇದನ್ನು ಓದಿಕೊಂಡು ಹತ್ತಿರ ಹೋಗಿ ಪರೀಕ್ಷಿಸಬೇಡಿ. ಮಬ್ಬು ಬೆಳಕಿನಲ್ಲಿ ಅನುಭವಿಗಳೂ ಮೋಸಹೋಗುತ್ತಾರೆ. ಹಾವು ಮನೆಯೊಳಗೆ ಬಂದರೆ ಮಕ್ಕಳನ್ನು ದೂರ ಕಳಿಸಿ, ಅರಣ್ಯ ಇಲಾಖೆಗೆ ತಿಳಿಸಿ.

ವಿಷವಿಲ್ಲದ ಹಾವಿನಿಂದಲೂ ರೋಗ

ಹಾವುಗಳ ಕರುಳಿನಲ್ಲಿ ‘ಸಾಲ್ಮೊನೆಲ್ಲಾ’ ಎಂಬ ರೋಗಾಣು ವಾಸಿಸುತ್ತದೆ. ಹಾವು ಆರೋಗ್ಯವಾಗಿಯೇ ಕಂಡರೂ ಅದರ ಹಿಕ್ಕೆ, ನೀರಿನ ಬಟ್ಟಲು, ಮೈ ಎಲ್ಲದರಿಂದಲೂ ರೋಗಾಣು ನಮ್ಮ ಕೈ ಸೇರಬಹುದು. ಇದರಿಂದ ವಾಂತಿ, ಭೇದಿ, ಜ್ವರ ಬರುತ್ತವೆ. 5 ವರ್ಷದೊಳಗಿನ ಮಕ್ಕಳಿಗೆ ಹಾಗೂ ವೃದ್ಧರಿಗೆ ಇದು ತೀವ್ರವಾಗಬಹುದು. ಬೋವಾ ಒಂದು ಸಲಕ್ಕೆ ಹತ್ತಾರು ಮರಿ ಹಾಕುತ್ತದೆ. ಅಷ್ಟೂ ಮರಿಗಳ ಪೆಟ್ಟಿಗೆಗಳನ್ನು ಅಡಿಗೆಮನೆಯ ನಲ್ಲಿಯಲ್ಲಿ ತೊಳೆದರೆ ಗತಿಯೇನು?

ಕಾನೂನೂ ಇದೆ. ಹೆಬ್ಬಾವು, ಮಣ್ಣುಮುಕ್ಕ ಹಾವುಗಳನ್ನು ಹಿಡಿಯುವುದು, ಸಾಕುವುದು, ಮಾರುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ವಿದೇಶಿ ಬೋವಾ ಸಾಕಿದವರು 2024ರ ನಿಯಮಗಳ ಪ್ರಕಾರ ಅದನ್ನು ನೋಂದಾಯಿಸಿ, ಮರಿ ಹಾಕಿದರೆ ಅದನ್ನೂ ತಿಳಿಸಬೇಕು.

ಕಚ್ಚಿದರೆ ಏನು ಮಾಡಬೇಕು?

ಭಾರತದಲ್ಲಿ 2000ದಿಂದ 2019ರವರೆಗೆ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು ಅಂದಾಜು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಸಾಲಿಗೆ ಸೇರಿಸಿದೆ. ಕಾಡಿನ ನಡುವೆ ಚದುರಿದ ಮನೆಗಳಿರುವ ಜೋಯಿಡಾದಂಥ ತಾಲೂಕಿನಲ್ಲಿ ದಾರಿಯಲ್ಲಿ ಕಳೆಯುವ ಪ್ರತಿ ನಿಮಿಷವೂ ಮುಖ್ಯ. ಆದ್ದರಿಂದ ಈ ಮಾತುಗಳನ್ನು ಮನೆಮಂದಿಯೆಲ್ಲ ನೆನಪಿಡಬೇಕು:

* ಧೈರ್ಯ ಹೇಳಿ, ಮಲಗಿಸಿ. ಉಂಗುರ, ಬಳೆ, ಕಾಲುಂಗುರ ತೆಗೆಯಿರಿ.
* ಕಚ್ಚಿದ ಕೈ ಅಥವಾ ಕಾಲಿಗೆ ಮೂಳೆ ಮುರಿದಾಗ ಕಟ್ಟುವಂತೆ ಪಟ್ಟಿ ಇಟ್ಟು, ಅಲುಗಾಡದಂತೆ ಸಡಿಲವಾಗಿ ಕಟ್ಟಿ. ನಡೆಸಬೇಡಿ.
* ಹಗ್ಗದಿಂದ ಬಿಗಿಯಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ನಾಟಿ ಔಷಧಿ, ಮಂತ್ರವೆಂದು ಹೊತ್ತು ಕಳೆಯಬೇಡಿ.
* ಹಾವನ್ನು ಹುಡುಕುತ್ತ ನಿಲ್ಲಬೇಡಿ. 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ, ವಿಷನಿರೋಧಕ ಚುಚ್ಚುಮದ್ದು ಇರುವ ಹತ್ತಿರದ ಆಸ್ಪತ್ರೆಗೆ ಹೊರಡಿ.

ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಒಸಡಿನಿಂದ, ಮೂತ್ರದಲ್ಲಿ ರಕ್ತ ಬರಬಹುದು, ಮೂತ್ರಪಿಂಡ ಕೆಡಬಹುದು. ಆಸ್ಪತ್ರೆಯಲ್ಲಿ ಸ್ವಲ್ಪ ರಕ್ತವನ್ನು ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ಅದು ಹೆಪ್ಪುಗಟ್ಟುತ್ತದೆಯೇ ಎಂದು ನೋಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಒಂದೇ ಚುಚ್ಚುಮದ್ದು. ಆದ್ದರಿಂದ ಹಾವಿನ ಗುರುತು ಸಿಗದಿದ್ದರೂ ರೋಗಿಯ ಲಕ್ಷಣ ನೋಡಿ ಚಿಕಿತ್ಸೆ ಕೊಡಲು ಸಾಧ್ಯ. ‘ಕಚ್ಚಿದ್ದು ಹೆಬ್ಬಾವಿನ ಮರಿ, ಏನೂ ಆಗುವುದಿಲ್ಲ’ ಎಂದು ನೀವೇ ತೀರ್ಮಾನಿಸಬೇಡಿ. ಅದನ್ನು ವೈದ್ಯರು ಹೇಳಲಿ.

ಕತ್ತಲಲ್ಲಿ ಬ್ಯಾಟರಿ ಹಿಡಿದು ನಡೆಯಿರಿ, ಹುಲ್ಲಿನ ಬಣವೆಗೆ ಬರಿಗೈ ಹಾಕಬೇಡಿ, ಮನೆಯ ಸುತ್ತ ಇಲಿ ಸೇರದಂತೆ ನೋಡಿಕೊಳ್ಳಿ. ಹಾವು ನಮ್ಮ ಹೊಲದ ಇಲಿಗಳನ್ನು ತಿಂದು ಉಪಕಾರ ಮಾಡುವ ಜೀವಿ. ಅದು ಹೊಲದಲ್ಲಿಯೇ ಇರಲಿ. ಮಕ್ಕಳ ಕೈಗೆ ಬರುವುದು ಬೇಡ.