ಬೋರ್ಡ್ ಇದೆ, ವಾಚ್‌ಮನ್ ಇಲ್ಲ

ಪುಣೆಯಲ್ಲಿ ನಾವಿರುವ ಸೊಸೈಟಿಯ ಗೇಟಿಗೆ ‘ಅನುಮತಿಯಿಲ್ಲದೆ ಪ್ರವೇಶವಿಲ್ಲ’ ಎಂದು ಮರಾಠಿಯಲ್ಲಿ ಬರೆದ ಬೋರ್ಡ್ ಇದೆ. ವಾಚ್‌ಮನ್ ಊಟಕ್ಕೆ ಹೋದಾಗ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡು ವರ್ಷದ ಹಿಂದೆ ಆಫೀಸಿನಲ್ಲಿ ನಾನೂ ಅಂಥದ್ದೇ ಬೋರ್ಡ್ ತೂಗುಹಾಕಿ ನೆಮ್ಮದಿಯಾಗಿದ್ದೆ.

ನಮ್ಮ ತಂಡದ ಕೆಲಸವೆಲ್ಲ ಕುಬರ್ನೆಟಿಸ್ ಮೇಲೆ. ಗೂಗಲ್ 2014ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರತಂದ ಇದರ ಹೆಸರಿಗೆ ಗ್ರೀಕ್ ಭಾಷೆಯಲ್ಲಿ ಹಡಗಿನ ಚುಕ್ಕಾಣಿ ಹಿಡಿಯುವವನು ಎಂದರ್ಥ. ಯಾವ ಕಂಟೇನರ್ ಯಾವ ಸರ್ವರ್ ಮೇಲೆ ಓಡಬೇಕು, ಒಂದು ನಿಂತರೆ ಅದರ ಜಾಗಕ್ಕೆ ಇನ್ನೊಂದನ್ನು ಹೇಗೆ ತರಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಕಂಟೇನರುಗಳು ‘ಪಾಡ್’ ಎಂಬ ಗೂಡಿನಲ್ಲಿರುತ್ತವೆ. ಪ್ರತಿ ಪಾಡ್‌ಗೂ ಒಂದು ಐಪಿ ವಿಳಾಸ.

ಎಂಟೆಕ್‌ನಲ್ಲಿ ಓದುವಾಗ ಫೈರ್‌ವಾಲ್ ಎಂದರೆ ಊರಬಾಗಿಲು ಎಂದುಕೊಂಡಿದ್ದೆ. ಕ್ಲಸ್ಟರ್ ಮಾತ್ರ ಹಳೆಯ ವಠಾರದ ಹಾಗೆ. ಹೊರಬಾಗಿಲಿಗೆ ಅಗುಳಿ ಇದ್ದರೂ ಒಳಗೆ ಯಾರು ಯಾರ ಅಡುಗೆಮನೆಗಾದರೂ ಹೋಗಬಹುದು. ನಾವು ಬೇರೇನೂ ಹೇಳದಿದ್ದರೆ ಯಾವ ಪಾಡ್ ಬೇಕಾದರೂ ಇನ್ನೊಂದರ ಜೊತೆ ಮಾತಾಡಬಹುದು. ನೇಮ್‌ಸ್ಪೇಸ್ ಬೇರೆಯಾದರೂ ತಡೆಯಿಲ್ಲ. ವೆಬ್‌ಸೈಟಿನ ಪಾಡ್‌ಗೆ ಕಳ್ಳ ನುಗ್ಗಿದರೆ ಡೇಟಾಬೇಸಿನವರೆಗೂ ದಾರಿ ಸಲೀಸು.

ಇದಕ್ಕೆ ಮದ್ದು ‘ನೆಟ್‌ವರ್ಕ್ ಪಾಲಿಸಿ’. ಡೇಟಾಬೇಸಿನ ಜೊತೆ ಬಿಲ್ಲಿಂಗ್ ಪಾಡ್ ಮಾತ್ರ ಮಾತಾಡಲಿ ಎಂದು ಇಪ್ಪತ್ತು ಸಾಲಿನ ಫೈಲ್ ಬರೆದೆ. ಕ್ಲಸ್ಟರ್ ತಕರಾರಿಲ್ಲದೆ ಒಪ್ಪಿಕೊಂಡಿತು. ಆಡಿಟ್ ಹಾಳೆಯಲ್ಲಿ ಟಿಕ್ ಹಾಕಿದೆ.

ಕೆಲವು ವಾರಗಳ ನಂತರ, ತಂಡಕ್ಕೆ ಹೊಸದಾಗಿ ಸೇರಿದ ಹುಡುಗಿಗೆ ಪಾಲಿಸಿ ಹೇಗೆ ತಡೆಯುತ್ತದೆಂದು ತೋರಿಸಲು, ಸಂಬಂಧವೇ ಇಲ್ಲದ ಒಂದು ಪಾಡ್‌ನಿಂದ ಡೇಟಾಬೇಸಿನ 5432ನೇ ಪೋರ್ಟ್ ತಟ್ಟಿದೆ. ಬಾಗಿಲು ತೆರೆಯಿತು. ಇದು ಮುಚ್ಚಿರಬೇಕಿತ್ತಲ್ಲವೇ ಎಂದು ಅವಳು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ.

ಅಂದು ರಾತ್ರಿ ಕೂತು ಹುಡುಕಿದಾಗ ಕಾರಣ ಸಿಕ್ಕಿತು. ಕುಬರ್ನೆಟಿಸ್ ಪಾಲಿಸಿಯನ್ನು ಬರೆದಿಟ್ಟುಕೊಳ್ಳುತ್ತದೆ ಅಷ್ಟೇ. ಅದನ್ನು ಜಾರಿಗೆ ತರುವುದು ನೆಟ್‌ವರ್ಕ್ ಪ್ಲಗಿನ್. ಕ್ಯಾಲಿಕೋ, ಸಿಲಿಯಮ್ ಆ ಕೆಲಸ ಮಾಡುತ್ತವೆ. ನಮ್ಮಲ್ಲಿದ್ದ ಫ್ಲ್ಯಾನಲ್ ಪಾಡ್‌ಗಳ ನಡುವೆ ದಾರಿ ಹಾಕಿಕೊಡುತ್ತದೆ, ಕಾವಲು ಕಾಯುವುದಿಲ್ಲ. ಬೋರ್ಡ್ ಇತ್ತು, ವಾಚ್‌ಮನ್ ಇರಲಿಲ್ಲ.

ಮರುದಿನ ಮ್ಯಾನೇಜರ್ ಮುಂದೆ ಎಲ್ಲ ಹೇಳಿ ಆ ಟಿಕ್ ಅಳಿಸಿದೆ. ಹಾಕುವುದಕ್ಕಿಂತ ಅಳಿಸುವುದು ಎಷ್ಟು ಕಷ್ಟವೆಂದು ಆಗ ಗೊತ್ತಾಯಿತು.

ಕ್ಯಾಲಿಕೋ ಇರುವ ಹೊಸ ಕ್ಲಸ್ಟರ್ ಕಟ್ಟಿ, ಈ ಬಾರಿ ಒಳಬರುವುದು, ಹೊರಹೋಗುವುದು ಎರಡನ್ನೂ ಮುಚ್ಚಿಯೇ ಶುರುಮಾಡಿದೆವು. ಎಲ್ಲ ನಿಂತೇಹೋಯಿತು! ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್‌ಗೆ ಹೋಗುವ 53ನೇ ಪೋರ್ಟನ್ನೂ ಮುಚ್ಚಿಬಿಟ್ಟಿದ್ದೆವು. ಪುಣ್ಯಕ್ಕೆ ಅದು ಟೆಸ್ಟ್ ಕ್ಲಸ್ಟರ್.

ಕಲಿಯಬೇಕೆನ್ನುವವರಿಗೆ ದುಬಾರಿ ಕ್ಲೌಡ್ ಬೇಕಿಲ್ಲ. ಲ್ಯಾಪ್‌ಟಾಪಿನಲ್ಲೇ ಮಿನಿಕ್ಯೂಬ್ ಹಾಕಿ, ಕ್ಯಾಲಿಕೋ ಜೊತೆ ಎಬ್ಬಿಸಿ. ಮೂರು ಪಾಡ್ ಸಾಕು. ಯಾರು ಯಾರ ಜೊತೆ ಮಾತಾಡಬೇಕೆಂದು ಮೊದಲು ಹಾಳೆಯ ಮೇಲೆ ಗೀಚಿ, ಆಮೇಲೆ ಪಾಲಿಸಿ ಬರೆಯಿರಿ. ತೆರೆದಿರಬೇಕಾದ ಬಾಗಿಲಷ್ಟೇ ಅಲ್ಲ, ಮುಚ್ಚಿರಬೇಕಾದ ಬಾಗಿಲನ್ನೂ ತಟ್ಟಿ ನೋಡಿ. ಸರ್ಟಿಫಿಕೇಟ್ ಬೇಕೆಂದರೆ ಸಿಕೆಎಸ್ ಪರೀಕ್ಷೆಯಿದೆ. ಅದಕ್ಕೆ ಮೊದಲು ಸಿಕೆಎ ಪಾಸಾಗಿರಬೇಕು. 2 ಗಂಟೆಯ ಆ ಪರೀಕ್ಷೆಯಲ್ಲಿ ಬರೀ ಉತ್ತರಕ್ಕೆ ಗುರುತು ಹಾಕಿ ಬರುವಂತಿಲ್ಲ, ಟರ್ಮಿನಲ್‌ನಲ್ಲಿ ಕೆಲಸ ಮಾಡಿಯೇ ತೋರಿಸಬೇಕು.

ನಮ್ಮಲ್ಲಿ ಈಗ ಪ್ರತಿ ಬದಲಾವಣೆಯ ನಂತರ ಒಂದು ಪುಟ್ಟ ಪಾಡ್ ಎದ್ದು ಡೇಟಾಬೇಸಿನ ಬಾಗಿಲು ತಟ್ಟುತ್ತದೆ. ಆ ಹೊಸ ಹುಡುಗಿಯೇ ಬರೆದ ಪರೀಕ್ಷೆ ಅದು. ಒಳಗಿಂದ ಉತ್ತರ ಬಾರದಿದ್ದರೆ ಮಾತ್ರ ಟಿಕ್.