ಕ್ರಿಸ್‌ಮಸ್ ರಜೆಯಲ್ಲಿ ಕರಾವಳಿ ಹೆದ್ದಾರಿ ಪ್ರವಾಸ: ದಾರಿಯಲ್ಲಿ ಕಾಣಸಿಗುವ ವಿಶಿಷ್ಟ ಆಚರಣೆಗಳು – ಸಾರ್ವಜನಿಕರ ಮಾಹಿತಿಗಾಗಿ

ಮಹಾರಾಷ್ಟ್ರದ ಪನವೇಲ್‌ನಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುವ ರಾಷ್ಟ್ರೀಯ ಹೆದ್ದಾರಿ 66, ಅಂದರೆ 2010ಕ್ಕೆ ಮೊದಲು ಬಹುಪಾಲು 17ನೇ ಸಂಖ್ಯೆಯ ಹೆದ್ದಾರಿಯೆಂದು ಪರಿಚಿತವಾಗಿದ್ದ ಮಾರ್ಗವು, ಕ್ರಿಸ್‌ಮಸ್ ರಜೆಯಲ್ಲಿ ಸ್ವಂತ ಅಥವಾ ಬಾಡಿಗೆ ವಾಹನದಲ್ಲಿ ಪ್ರವಾಸ ಕೈಗೊಳ್ಳುವ ರಾಜ್ಯದ ಕುಟುಂಬಗಳಿಗೆ ಅಚ್ಚುಮೆಚ್ಚಿನದಾಗಿದೆ. ಕಡಲತೀರ, ಕೋಟೆ ಮತ್ತು ದೇವಾಲಯಗಳ ವಿವರ ಎಲ್ಲ ಕೈಪಿಡಿಗಳಲ್ಲಿಯೂ ದೊರೆಯುತ್ತದೆ. ಆದರೆ ಇದೇ ರಸ್ತೆಯಲ್ಲಿ ಡಿಸೆಂಬರ್ ಮೂರನೆಯ ವಾರದಿಂದ ಜನವರಿ 6ರವರೆಗೆ ಮಾತ್ರ ಕಾಣಸಿಗುವ ಕೆಲವು ಆಚರಣೆಗಳಿವೆ. ಅವುಗಳ ಸ್ವರೂಪ, ನಡೆಯುವ ದಿನ ಹಾಗೂ ಪ್ರಯಾಣಕ್ಕೆ ಅಗತ್ಯವಾದ ದಾಖಲೆಗಳ ಬಗ್ಗೆ ಇಲ್ಲಿ ವಿವರಿಸಲಾಗಿದೆ.

ಪ್ರವಾಸಿಗರು ಮುಖ್ಯವಾಗಿ ಗಮನಿಸಬೇಕಾದ ಅಂಶವೆಂದರೆ, ಈ ಆಚರಣೆಗಳಿಗೆ ಪ್ರವೇಶ ಚೀಟಿಯಾಗಲಿ, ನಿಗದಿತ ವೀಕ್ಷಣಾ ವೇಳೆಯಾಗಲಿ ಇರುವುದಿಲ್ಲ. ಇವು ಮನೆಯವರು, ಇಗರ್ಜಿಯ ವಾರ್ಡುಗಳು ಹಾಗೂ ಊರಿನ ಯುವಕರು ತಮಗಾಗಿ ನಡೆಸಿಕೊಂಡು ಬಂದಿರುವ ಪದ್ಧತಿಗಳು. ಹತ್ತು ದಿನಗಳ ಶ್ರಮದಿಂದ ಕಟ್ಟಿದ್ದು ಒಂದು ರಾತ್ರಿಯಲ್ಲಿ ಬೂದಿಯಾಗುವುದೂ ಉಂಟು. ಆದ್ದರಿಂದ ನಕ್ಷೆಯನ್ನು ನೋಡಿ ಮಾರ್ಗ ನಿರ್ಧರಿಸುವುದಕ್ಕೆ ಮೊದಲು ದಿನಾಂಕವನ್ನು ನೋಡುವುದು ಅವಶ್ಯಕ. ಒಂದು ದಿನ ತಡವಾಗಿ ತಲುಪಿದವರಿಗೆ ಖಾಲಿ ಮೈದಾನವಷ್ಟೇ ಕಾಣುತ್ತದೆ.

ದಕ್ಷಿಣ ಕನ್ನಡ ಮತ್ತು ಉಡುಪಿ: ಗೋದಲಿ, ಕುಸ್ವಾರ್

ಯೇಸುವಿನ ಜನನದ ದೃಶ್ಯವನ್ನು ಮಣ್ಣಿನ ಬೊಂಬೆ, ಹುಲ್ಲು ಮತ್ತು ಬಿದಿರಿನಿಂದ ನಿರ್ಮಿಸುವುದಕ್ಕೆ ಕರಾವಳಿಯಲ್ಲಿ ಗೋದಲಿ ಎಂದು ಹೆಸರು. ಪ್ರತಿ ಮನೆಯಲ್ಲಿ ಚಿಕ್ಕದೊಂದು ಗೋದಲಿ ಇದ್ದರೆ, ಇಗರ್ಜಿಯ ಆವರಣದಲ್ಲಿ ದೊಡ್ಡದೊಂದನ್ನು ಕಟ್ಟಲಾಗುತ್ತದೆ. ಯುವಜನ ಸಂಘಟನೆಗಳು ಸ್ಪರ್ಧೆಗಳನ್ನೂ ಏರ್ಪಡಿಸುತ್ತವೆ. ಬೆತ್ಲೆಹೇಮಿನ ದನದ ಕೊಟ್ಟಿಗೆಯು ಇಲ್ಲಿ ಕರಾವಳಿಯ ಕೊಟ್ಟಿಗೆಯಾಗಿಬಿಡುತ್ತದೆ. ಪಕ್ಕದಲ್ಲಿ ಬಾವಿ, ತೆಂಗಿನ ಮರ, ಗದ್ದೆಯ ಬದು, ಕೆಲವೆಡೆ ವಿದ್ಯುತ್ ಮೋಟಾರಿನಿಂದ ತಿರುಗುವ ನೀರಿನ ಚಕ್ರವೂ ಇರುತ್ತದೆ. ಗೋದಲಿಯ ಗದ್ದೆ ಹಸಿರಾಗಿ ಕಾಣಲೆಂದು ರಾಗಿ ಮುಂತಾದ ಧಾನ್ಯಗಳನ್ನು ಹಬ್ಬಕ್ಕೆ ಒಂದೆರಡು ವಾರ ಮೊದಲೇ ಬಿತ್ತಿ ಮೊಳಕೆ ಬರಿಸುವ ರೂಢಿ ಗೋವಾ ಹಾಗೂ ಕರ್ನಾಟಕದ ಕರಾವಳಿಗಳೆರಡರಲ್ಲಿಯೂ ಇದೆ. ಮೊಳಕೆಯ ಎತ್ತರವನ್ನು ನೋಡಿ ಆ ಮನೆಯವರು ಎಂದು ಬಿತ್ತಿದರೆಂದು ಹೇಳಬಹುದು. ಕೇರಳದಲ್ಲಿ ಇದನ್ನೇ ಪುಲ್ಕೂಡು, ಅಂದರೆ ಹುಲ್ಲಿನ ಗೂಡು, ಎನ್ನುತ್ತಾರೆ.

ಡಿಸೆಂಬರ್ 24ರ ರಾತ್ರಿಯ ಬಲಿಪೂಜೆಯು ಹಿಂದೆ ಮಧ್ಯರಾತ್ರಿಗೆ ನಡೆಯುತ್ತಿತ್ತು. ಈಗ ಮಂಗಳೂರು ಮತ್ತು ಉಡುಪಿ ಭಾಗದ ಅನೇಕ ಇಗರ್ಜಿಗಳಲ್ಲಿ ಸಂಜೆ 7 ಗಂಟೆಯ ಆಸುಪಾಸಿನಲ್ಲಿಯೇ ಆರಂಭವಾಗುತ್ತದೆ. ಬಲಿಪೂಜೆಯ ನಂತರ ಅಂಗಳದಲ್ಲಿ ಕ್ಯಾರಲ್ ಗಾಯನ, ಶುಭಾಶಯ ವಿನಿಮಯ, ಕೇಕ್ ವಿತರಣೆ ನಡೆಯುತ್ತವೆ. ಗೋದಲಿ ನೋಡಲು ಇದೇ ಪ್ರಶಸ್ತ ಸಮಯ. ಅನ್ಯಧರ್ಮೀಯರು ಬಲಿಪೂಜೆಯ ಸಮಯದಲ್ಲಿ ಹಿಂಬದಿಯಲ್ಲಿ ಕುಳಿತಿರಲು ಅಡ್ಡಿಯಿಲ್ಲ. ಆದರೆ ಪರಮಪ್ರಸಾದ ಸ್ವೀಕಾರವು ಕಥೋಲಿಕರಿಗೆ ಮಾತ್ರ ಮೀಸಲಾದ ಸಂಸ್ಕಾರ. ಕುತೂಹಲಕ್ಕಾಗಿ ಆ ಸಾಲಿನಲ್ಲಿ ನಿಲ್ಲತಕ್ಕದ್ದಲ್ಲ. ಛಾಯಾಚಿತ್ರಗಳನ್ನು ಬಲಿಪೂಜೆ ಮುಗಿದ ಬಳಿಕ, ಅನುಮತಿ ಪಡೆದು ತೆಗೆಯುವುದು ಸೂಕ್ತ.

ಕುಸ್ವಾರ್ ಎಂಬುದು ಹಬ್ಬಕ್ಕೆಂದು ಕ್ರೈಸ್ತ ಮನೆಗಳಲ್ಲಿ ತಯಾರಿಸುವ ತಿಂಡಿಗಳ ಒಟ್ಟು ಹೆಸರು. ಗೋವಾದಲ್ಲಿ ಇದಕ್ಕೆ ಕೊನ್ಸುವಾದ ಎನ್ನುತ್ತಾರೆ. ಕರ್ಜಿಕಾಯಿಯನ್ನು ಹೋಲುವ ನೆವ್ರಿ, ಗೋಲಿಯಷ್ಟೇ ಗಾತ್ರದ ಗುಳಿಯೊ, ಹೂವಿನ ಆಕಾರದ ಕಬ್ಬಿಣದ ಅಚ್ಚನ್ನು ಹಿಟ್ಟಿನಲ್ಲಿ ಅದ್ದಿ ಕರಿಯುವ ಕೊಕ್ಕಿಸಾಂ, ಜೊತೆಗೆ ಚಕ್ಕುಲಿ ಹಾಗೂ ಲಾಡು ಇದರಲ್ಲಿ ಸೇರುತ್ತವೆ. ಹೊರಗಿನಿಂದ ಬಂದವರ ಹುಬ್ಬೇರಿಸುವ ಹೆಸರು ಕಿಡಿಯೊ. ಕೊಂಕಣಿಯಲ್ಲಿ ಕಿಡಿಯೊ ಎಂದರೆ ಹುಳುಗಳು. ನಾದಿದ ಹಿಟ್ಟಿನ ಸಣ್ಣ ಉಂಡೆಯನ್ನು ಹೊಸ ಬಾಚಣಿಗೆಯ ಅಥವಾ ಮುಳ್ಳುಚಮಚದ ಹಿಂಬದಿಗೆ ಒತ್ತಿ ಸುರುಳಿ ಸುತ್ತಿದಾಗ ಗೆರೆಗಳು ಮೂಡಿ ಹುಳುವಿನ ರೂಪ ಬರುತ್ತದೆ. ಒಬ್ಬರಿಂದ ಮುಗಿಯುವ ಕೆಲಸ ಇದಲ್ಲವಾದ್ದರಿಂದ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಸುತ್ತುತ್ತಾರೆ. ಹಬ್ಬದ ದಿನ ಈ ತಿಂಡಿಗಳ ತಟ್ಟೆ ನೆರೆಯ ಹಿಂದೂ ಮತ್ತು ಮುಸ್ಲಿಂ ಮನೆಗಳಿಗೂ ಹೋಗುತ್ತದೆ. ಪರಿಚಯವಿಲ್ಲದ ಪ್ರವಾಸಿಗರು ಮಂಗಳೂರಿನ ಬೇಕರಿಗಳಲ್ಲಿ ಕುಸ್ವಾರ್ ಪೊಟ್ಟಣಗಳನ್ನು ಖರೀದಿಸಬಹುದು. 25ರಂದು ಹಲವು ಅಂಗಡಿಗಳು ಮುಚ್ಚಿರುವ ಸಂಭವವಿರುವುದರಿಂದ 23ರ ಒಳಗೆ ಕೊಳ್ಳುವುದು ಮೇಲು.

ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಗೋಡೆ ಹಾಗೂ ಛಾವಣಿಯ ಚಿತ್ರಗಳು (ಇಟಲಿಯ ಆಂಟೋನಿಯೊ ಮೊಸ್ಕೇನಿ ಅವರು 1899ರಿಂದ 1901ರ ಅವಧಿಯಲ್ಲಿ ರಚಿಸಿದವು) ವರ್ಷವಿಡೀ ಇರುವಂಥವು. ರಜೆಯ ಜನಸಂದಣಿಯಲ್ಲಿ ಅವುಗಳಿಗಾಗಿ ಅವಸರಪಡಬೇಕಾಗಿಲ್ಲ.

ದಕ್ಷಿಣಕ್ಕೆ: ತಲಶ್ಶೇರಿಯ ಕೇಕ್, ಕೊಚ್ಚಿಯ ಪಪ್ಪಾಂಜಿ

ಕಣ್ಣೂರಿನಿಂದ ಸುಮಾರು 20 ಕಿ.ಮೀ. ದಕ್ಷಿಣಕ್ಕಿರುವ ತಲಶ್ಶೇರಿಯಲ್ಲಿ ತಿನ್ನಲು ಕೇಕ್ ಇದೆ. ಬರ್ಮಾದಿಂದ ಹಿಂದಿರುಗಿ 1880ರಲ್ಲಿ ಇಲ್ಲಿ ಬಿಸ್ಕತ್ ಕಾರ್ಖಾನೆ ತೆರೆದ ಮಾಂಬಳ್ಳಿ ಬಾಪು ಎಂಬುವರ ಬಳಿಗೆ 1883ರಲ್ಲಿ ಮರ್ಡಾಕ್ ಬ್ರೌನ್ ಎಂಬ ಬ್ರಿಟಿಷ್ ತೋಟಗಾರನು ಇಂಗ್ಲೆಂಡಿನಿಂದ ತಂದ ಕೇಕೊಂದನ್ನು ಒಯ್ದು, ಅಂಥದ್ದೇ ಒಂದನ್ನು ಮಾಡಿಕೊಡುವಂತೆ ಕೇಳಿದನೆಂಬುದು ಪ್ರಚಲಿತ ಕಥನ. ಬಾಪು ಅವರು ಅಚ್ಚನ್ನು ಸಮೀಪದ ಕಮ್ಮಾರನಿಂದ ಮಾಡಿಸಿಕೊಂಡು, ವಿದೇಶಿ ಬ್ರಾಂದಿಯ ಬದಲಾಗಿ ಗೇರುಹಣ್ಣು ಹಾಗೂ ಬಾಳೆಹಣ್ಣಿನಿಂದ ತಯಾರಿಸಿದ ಸ್ಥಳೀಯ ಮದ್ಯವನ್ನು ಬಳಸಿ ಕೇಕ್ ಬೇಯಿಸಿದರು. ಭಾರತದಲ್ಲಿ ಭಾರತೀಯರೊಬ್ಬರು ತಯಾರಿಸಿದ ಮೊದಲ ಕ್ರಿಸ್‌ಮಸ್ ಕೇಕ್ ಇದೆಂದು ತಲಶ್ಶೇರಿಯವರು ಹೆಮ್ಮೆಪಡುತ್ತಾರೆ. ಅವರ ವಂಶಸ್ಥರು ಇಂದಿಗೂ ಬೇಕರಿ ವೃತ್ತಿಯಲ್ಲಿದ್ದಾರೆ. ಹಬ್ಬದ ಹಿಂದಿನ ವಾರ ಇಲ್ಲಿ ಅರ್ಧ ದಿನ ತಂಗುವುದು ಸಾರ್ಥಕ.

ಮಂಗಳೂರಿನಿಂದ 400 ಕಿ.ಮೀ.ಗೂ ಅಧಿಕ ದೂರದಲ್ಲಿರುವ ಫೋರ್ಟ್ ಕೊಚ್ಚಿಯಲ್ಲಿ ಡಿಸೆಂಬರ್ 31ರ ಮಧ್ಯರಾತ್ರಿ ಪಪ್ಪಾಂಜಿಯನ್ನು ಸುಡಲಾಗುತ್ತದೆ. ಪಪ್ಪಾಂಜಿ ಎಂದರೆ ಮುದುಕ. ಕೋಟು ತೊಟ್ಟ, ಗಡ್ಡ ಬಿಟ್ಟ ಈ ದೈತ್ಯಾಕಾರದ ಪ್ರತಿಮೆ ಕಳೆದುಹೋಗುವ ವರ್ಷದ ಸಂಕೇತ. ಹೊರನೋಟಕ್ಕೆ ಸಾಂತಾ ಕ್ಲಾಸ್‌ನಂತೆ ಕಂಡರೂ ಅವನಿಗೂ ಇವನಿಗೂ ಸಂಬಂಧವಿಲ್ಲ. ಸಾಂತಾನನ್ನೇ ಸುಡುತ್ತಾರೆಂದು ಮಕ್ಕಳು ಗಾಬರಿಗೊಂಡರೆ ಪೋಷಕರು ಇದನ್ನು ಮೊದಲೇ ತಿಳಿಸಿ ಹೇಳುವುದು ಒಳಿತು. 1663ರಲ್ಲಿ ಡಚ್ಚರ ವಶವಾಗುವವರೆಗೆ ಕೊಚ್ಚಿ ಪೋರ್ಚುಗೀಸರ ಕೈಯಲ್ಲಿತ್ತು. ಪಪ್ಪಾಂಜಿಯನ್ನು ಆ ಕಾಲದ ಪಳೆಯುಳಿಕೆ ಎಂದು ಭಾವಿಸಲಾಗಿದೆ. 1984ರಿಂದ ನಡೆಯುತ್ತಿರುವ ಕೊಚ್ಚಿನ್ ಕಾರ್ನಿವಲ್‌ನ ಭಾಗವಾಗಿ ಇದು ಪೆರೇಡ್ ಮೈದಾನದಲ್ಲಿ ಜರುಗುತ್ತದೆ.

ಆದರೆ ಈ ಕಾರ್ಯಕ್ರಮವು ಪ್ರತಿ ವರ್ಷ ನಡೆದೇ ತೀರುತ್ತದೆಂದು ಭಾವಿಸತಕ್ಕದ್ದಲ್ಲ. 2024ರ ಡಿಸೆಂಬರ್ 26ರಂದು ಮಾಜಿ ಪ್ರಧಾನಿ ಡಾ. ಮನಮೋಹನ್ ಸಿಂಗ್ ಅವರು ನಿಧನರಾದಾಗ ಘೋಷಿಸಲಾದ ರಾಷ್ಟ್ರೀಯ ಶೋಕಾಚರಣೆಯ ಕಾರಣ ಪೆರೇಡ್ ಮೈದಾನದ ದಹನವು ರದ್ದಾಯಿತು. ದೂರದಿಂದ ಬರುವವರು ಹೊರಡುವ ಹಿಂದಿನ ದಿನ ಸ್ಥಳೀಯ ಪ್ರಕಟಣೆಗಳನ್ನು ಪರಿಶೀಲಿಸತಕ್ಕದ್ದು. ಆ ರಾತ್ರಿ ಫೋರ್ಟ್ ಕೊಚ್ಚಿಯ ಕಿರಿದಾದ ಬೀದಿಗಳಲ್ಲಿ ವಾಹನ ಸಂಚಾರವನ್ನು ನಿರ್ಬಂಧಿಸಲಾಗುತ್ತದೆ ಹಾಗೂ ವೈಪಿನ್ ಕಡೆಯ ಜಂಗಲ್ ಸೇವೆಗೂ ಮಿತಿ ಇರುತ್ತದೆ. ಕಾರನ್ನು ದೂರದಲ್ಲಿಯೇ ನಿಲ್ಲಿಸಿ ನಡೆದು ಹೋಗುವ, ಅಷ್ಟೇ ದೂರ ನಡುರಾತ್ರಿಯಲ್ಲಿ ಜನಜಂಗುಳಿಯ ನಡುವೆ ಹಿಂದಿರುಗುವ ಸಿದ್ಧತೆ ಇರಬೇಕು. ವೃದ್ಧರು ಮತ್ತು ಎಳೆಯ ಮಕ್ಕಳೊಂದಿಗೆ ಬಂದವರಿಗೆ ಇದು ತಕ್ಕುದಲ್ಲ.

ಉತ್ತರಕ್ಕೆ: ಗೋವಾದ ಮುದುಕ ಮತ್ತು ಮೂವರು ಅರಸರು

ಅಂಥವರಿಗೆ ಗೋವಾದ ಹಳ್ಳಿಗಳು ಹೆಚ್ಚು ಅನುಕೂಲ. ಅಲ್ಲಿಯೂ ಅದೇ ರಾತ್ರಿ ಹಳೆಯ ವರ್ಷವೆಂಬ ಮುದುಕನನ್ನು ಸುಡುತ್ತಾರೆ. ಆದರೆ ಊರಿಗೊಬ್ಬ, ಒಮ್ಮೊಮ್ಮೆ ಕೇರಿಗೊಬ್ಬ ಮುದುಕನಿರುತ್ತಾನೆ. ಹಳೆಯ ಅಂಗಿ ಮತ್ತು ಷರಾಯಿಗೆ ಹುಲ್ಲು ತುಂಬಿ, ತಲೆಗೆ ಟೋಪಿಯಿಟ್ಟು ಮುರುಕು ಕುರ್ಚಿಯ ಮೇಲೆ ರಸ್ತೆಬದಿ ಕೂರಿಸಿ, ಹುಡುಗರು ಹೋಗಿಬರುವ ವಾಹನಗಳನ್ನು ತಡೆದು ಕಾಸು ಕೇಳುತ್ತಾರೆ. ಇದು ಸುಲಿಗೆಯಲ್ಲ, ವರ್ಷಕ್ಕೊಮ್ಮೆಯ ಪದ್ಧತಿ. ಹತ್ತು ಇಪ್ಪತ್ತು ರೂಪಾಯಿಯ ಚಿಲ್ಲರೆ ಕೈಯಲ್ಲಿಟ್ಟುಕೊಂಡು ಹೊರಡುವುದರಿಂದ ಎರಡೂ ಕಡೆ ನಗುವಿನೊಂದಿಗೆ ಮುಗಿಯುತ್ತದೆ. ತಿರುವುಗಳಲ್ಲಿ ಮಕ್ಕಳು ಏಕಾಏಕಿ ರಸ್ತೆಗೆ ಬರುವುದರಿಂದ 31ರಂದು ಹಳ್ಳಿ ರಸ್ತೆಗಳಲ್ಲಿ ಅತಿ ನಿಧಾನವಾಗಿ ಚಲಿಸತಕ್ಕದ್ದು. ದಹನದ ಸ್ಥಳದ ಬಳಿ ವಾಹನ ನಿಲ್ಲಿಸಕೂಡದು. ಕೊಚ್ಚಿ ಮತ್ತು ಗೋವಾ ಎರಡರಲ್ಲಿಯೂ ಮುದುಕನು ಒಂದೇ ಗಳಿಗೆಯಲ್ಲಿ ಸುಡಲ್ಪಡುವುದರಿಂದ ಪ್ರವಾಸಿಗರು ಒಂದನ್ನು ಮಾತ್ರ ಆಯ್ದುಕೊಳ್ಳಬೇಕಾಗುತ್ತದೆ.

ರಜೆ ಇನ್ನೂ ಉಳಿದಿದ್ದಲ್ಲಿ ಜನವರಿ 6ರವರೆಗೆ ಗೋವಾದಲ್ಲಿ ನಿಲ್ಲುವುದು ಉತ್ತಮ. ಶಿಶು ಯೇಸುವನ್ನು ಕಾಣಲು ಬಂದ ಮೂವರು ಅರಸರ ಹಬ್ಬವು ಅಂದು ಮೂರು ಸ್ಥಳಗಳಲ್ಲಿ ವಿಶೇಷವಾಗಿ ನಡೆಯುತ್ತದೆ: ಮಾಂಡೋವಿ ನದಿಯಾಚೆ ಪಣಜಿಗೆ ಎದುರಾಗಿರುವ ರೈಸ್ ಮಾಗೋಸ್, ಸಾಲ್ಸೆಟ್ ತಾಲ್ಲೂಕಿನ ಚಾಂದೋರ್ ಹಾಗೂ ಕಾನ್ಸಾವ್ಲಿ ಸಮೀಪದ ಕುವೆಲಿ ಗುಡ್ಡ. ಊರಿನ ಮೂವರು ಬಾಲಕರು ಕಿರೀಟ ಹಾಗೂ ಜರಿಯ ನಿಲುವಂಗಿ ಧರಿಸಿ ಕುದುರೆಯ ಮೇಲೆ ಬರುತ್ತಾರೆ. ಕುವೆಲಿಯಲ್ಲಿ ಮೂರು ಊರುಗಳ ಮೂವರು ಮೂರು ಬೇರೆ ಬೇರೆ ದಾರಿಗಳಿಂದ ಗುಡ್ಡವೇರಿ ನೆತ್ತಿಯ ಮೇಲಿನ ರೆಮೆದಿಯೂಸ್ ಮಾತೆಯ ಚಾಪೆಲ್ ಬಳಿ ಒಂದುಗೂಡುತ್ತಾರೆ. ಈ ಮಾರ್ಗದ ಎಲ್ಲ ಆಚರಣೆಗಳಲ್ಲಿ ಅತ್ಯಂತ ಸೊಗಸಾದುದು ಇದೇ ಎನ್ನಲು ಅಡ್ಡಿಯಿಲ್ಲ. ಡಿಸೆಂಬರ್ ಕೊನೆಯ ಪ್ರವಾಸಿಗರೆಲ್ಲ ಅಷ್ಟರೊಳಗೆ ಮನೆ ಸೇರಿರುವುದರಿಂದ ರಸ್ತೆಯೂ ಬಿಡುವಾಗಿರುತ್ತದೆ. ಬೆಳಗ್ಗೆಯೇ ತಲುಪುವುದು ಅವಶ್ಯಕ.

ವಾಹನ ಮತ್ತು ದಾಖಲೆಗಳು

ಸ್ವಂತ ವಾಹನದಲ್ಲಿ ನೆರೆರಾಜ್ಯಗಳಿಗೆ ಪ್ರವಾಸ ಹೋಗಲು ಪ್ರತ್ಯೇಕ ರಹದಾರಿಯ ಅಗತ್ಯವಿಲ್ಲ. ನೋಂದಣಿ ಪ್ರಮಾಣಪತ್ರ, ಚಾಲನಾ ಅನುಜ್ಞಾಪತ್ರ, ಚಾಲ್ತಿಯಲ್ಲಿರುವ ವಿಮಾ ಪತ್ರ ಮತ್ತು ವಾಯುಮಾಲಿನ್ಯ ತಪಾಸಣಾ ಪ್ರಮಾಣಪತ್ರ ಜೊತೆಯಲ್ಲಿರಬೇಕು. ಡಿಜಿಲಾಕರ್‌ನಲ್ಲಿರುವ ದಾಖಲೆಗಳು ಮೂಲ ದಾಖಲೆಗಳಿಗೆ ಸಮಾನವಾಗಿ ಮಾನ್ಯವಾಗಿವೆ. ಮಾನ್ಯ ಫಾಸ್ಟ್‌ಟ್ಯಾಗ್ ಇಲ್ಲದೆ ನಗದು ಪಾವತಿಸಿದಲ್ಲಿ ಸುಂಕ ದ್ವಿಗುಣವಾಗುತ್ತದೆ.

ಬಾಡಿಗೆಗೆ ಕಾರು ಪಡೆಯುವವರು ಫಲಕವನ್ನು ಗಮನಿಸತಕ್ಕದ್ದು. ಚಾಲಕನೊಂದಿಗೆ ಬರುವ ಟ್ಯಾಕ್ಸಿಗೆ ಹಳದಿ ಫಲಕ ಹಾಗೂ ಹೊರರಾಜ್ಯ ಪ್ರಯಾಣಕ್ಕೆ ಅಖಿಲ ಭಾರತ ಪ್ರವಾಸಿ ರಹದಾರಿ ಇರಬೇಕು. ಸ್ವತಃ ಚಲಾಯಿಸಲು ನೀಡುವ ಬಾಡಿಗೆ ಕಾರುಗಳಿಗೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. ಬಿಳಿ ಫಲಕದ ಖಾಸಗಿ ಕಾರನ್ನು ಬಾಡಿಗೆಗೆ ನೀಡುವುದು ಕಾನೂನುಬಾಹಿರ. ತಪಾಸಣೆಯಲ್ಲಿ ವಾಹನ ತಡೆಹಿಡಿಯಲ್ಪಟ್ಟಲ್ಲಿ ದಂಡ ಮಾಲೀಕನದಾದರೂ ರಜೆ ಕಳೆದುಕೊಳ್ಳುವುದು ಪ್ರಯಾಣಿಕನೇ.

ಗೋವಾದಲ್ಲಿ ಅಗ್ಗವಾಗಿ ದೊರೆಯುವ ಮದ್ಯವನ್ನು ಉಡುಗೊರೆಯೆಂದು ತರುವುದು ಪ್ರತಿ ವರ್ಷ ಅನೇಕರನ್ನು ಇಕ್ಕಟ್ಟಿಗೆ ಸಿಲುಕಿಸುತ್ತದೆ. ಪರವಾನಗಿಯಿಲ್ಲದೆ ಅದನ್ನು ರಾಜ್ಯದೊಳಗೆ ತರುವುದು ಕರ್ನಾಟಕ ಅಬಕಾರಿ ಕಾಯ್ದೆ, 1965ರನ್ವಯ ಅಪರಾಧವಾಗಿದ್ದು, ಕಾರವಾರ ಬಳಿಯ ಮಾಜಾಳಿ ತನಿಖಾ ಠಾಣೆಯಲ್ಲಿ ವಾಹನಗಳನ್ನು ಪರಿಶೀಲಿಸಲಾಗುತ್ತದೆ. ವಾಹನವನ್ನೇ ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶವಿದೆ. ಮದ್ಯಪಾನ ಮಾಡಿ ವಾಹನ ಚಲಾಯಿಸಿದಲ್ಲಿ, 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ.ಗಿಂತ ಹೆಚ್ಚು ಮದ್ಯಾಂಶ ಕಂಡುಬಂದರೆ, ಮೋಟಾರು ವಾಹನ ಕಾಯ್ದೆಯ 185ನೇ ಪ್ರಕರಣದಂತೆ ಮೊದಲ ಅಪರಾಧಕ್ಕೆ 6 ತಿಂಗಳವರೆಗೆ ಸೆರೆವಾಸ ಅಥವಾ ರೂ. 10,000 ದಂಡ ಅಥವಾ ಎರಡನ್ನೂ ವಿಧಿಸಬಹುದು.

ಪ್ರಯಾಣದ ಅವಧಿಯನ್ನು ಅಂದಾಜಿಸುವಾಗ ಉದಾರವಾಗಿರುವುದು ಒಳಿತು. ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದ್ದು, ಕೇರಳದ ಮಲಪ್ಪುರಂ ಜಿಲ್ಲೆಯ ಕೂರಿಯಾಡ್‌ನಲ್ಲಿ 2025ರ ಮೇ ತಿಂಗಳಲ್ಲಿ ಹೆದ್ದಾರಿಯ ಭಾಗವೇ ಕುಸಿದಿತ್ತು. ಘಟ್ಟದ ರಸ್ತೆಗಳಲ್ಲಿ ಡಿಸೆಂಬರ್ ಮುಂಜಾನೆ ಮಂಜು ದಟ್ಟವಾಗಿರುವುದರಿಂದ ಬೆಂಗಳೂರು ಹಾಗೂ ಮೈಸೂರು ಕಡೆಯವರು ಹಗಲಿನಲ್ಲಿಯೇ ಘಟ್ಟ ಇಳಿಯುವಂತೆ ಹೊರಡತಕ್ಕದ್ದು.

ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನ ಕೆಟ್ಟಲ್ಲಿ ಅಥವಾ ಅಪಘಾತ ಸಂಭವಿಸಿದಲ್ಲಿ ದೂರವಾಣಿ ಸಂಖ್ಯೆ 1033ಕ್ಕೆ, ಇತರ ತುರ್ತು ಸಂದರ್ಭಗಳಲ್ಲಿ 112ಕ್ಕೆ ಕರೆ ಮಾಡಬಹುದು. ಎರಡೂ ಸಂಖ್ಯೆಗಳು ಮೂರು ರಾಜ್ಯಗಳಲ್ಲಿಯೂ ದಿನದ 24 ಗಂಟೆ ಕಾರ್ಯನಿರ್ವಹಿಸುತ್ತವೆ.