ಒಂದು ಹನಿ ರಕ್ತದ ಲೆಕ್ಕ

ನಮ್ಮ ಚೆನ್ನೈನ ಚೆಟ್‌ಪೇಟ್‌ನಲ್ಲಿರುವ ಕ್ಷಯರೋಗ ಸಂಶೋಧನಾ ಸಂಸ್ಥೆಯ ಹೆಸರನ್ನು ಓದುಗರಲ್ಲಿ ಹಲವರು ಕೇಳಿರಬಹುದು. ಇದು 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಒಟ್ಟುಗೂಡಿ ಸ್ಥಾಪಿಸಿದ ಕೇಂದ್ರ. ಕ್ಷಯರೋಗಿ ಸ್ಯಾನಟೋರಿಯಂ ಸೇರದೆ, ಮನೆಯಲ್ಲಿದ್ದುಕೊಂಡೇ ಔಷಧ ಸೇವಿಸಿ ಗುಣಹೊಂದಬಹುದೆಂದು 1959ರಲ್ಲಿ ಜಗತ್ತಿಗೆ ತೋರಿಸಿಕೊಟ್ಟದ್ದು ಇದರ ಹಿರಿಮೆ. ಇದೇ ಕೇಂದ್ರ ಬೆನ್ನುಹತ್ತಿದ ಇನ್ನೊಂದು ಪ್ರಶ್ನೆ ಅಷ್ಟು ಪ್ರಚಾರ ಪಡೆದಿಲ್ಲ. ನುಂಗಿದ ಮಾತ್ರೆಯಲ್ಲಿ ರಕ್ತಕ್ಕೆ ಸೇರುವುದೆಷ್ಟು? ಅಲ್ಲಿ ಅದು ಉಳಿಯುವುದು ಎಷ್ಟು ಹೊತ್ತು?

ಮಾತ್ರೆ ಒಂದೇ ಆದರೂ ಮೈ ಒಂದೇ ಅಲ್ಲ. ಐಸೋನಿಯಾಜಿಡ್ ಎಂಬ ಕ್ಷಯದ ಔಷಧವನ್ನು ಕೆಲವರ ಯಕೃತ್ತು ಬೇಗ ಕರಗಿಸಿಬಿಡುತ್ತದೆ, ಕೆಲವರದು ನಿಧಾನವಾಗಿ. ಇದು ಹುಟ್ಟಿನಿಂದಲೇ ಬಂದ ಗುಣ. ದಕ್ಷಿಣ ಭಾರತೀಯರಲ್ಲಿ ಸುಮಾರು ಶೇಕಡ 60ರಷ್ಟು ಮಂದಿ ನಿಧಾನದ ಗುಂಪಿಗೆ ಸೇರಿದವರು. ವಾರಕ್ಕೊಮ್ಮೆ ಮಾತ್ರ ಔಷಧ ಕೊಟ್ಟಾಗ, ಬೇಗ ಕರಗಿಸುವವರಿಗೆ ಅದರ ಫಲ ಕಡಿಮೆಯೆಂದು ಮದ್ರಾಸಿನ ಪ್ರಯೋಗಗಳು ತಿಳಿಸಿದವು.

ಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಈ ಸಂಸ್ಥೆಯ ವಿಜ್ಞಾನಿ ಡಾ. ಗೀತಾ ರಾಮಚಂದ್ರನ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಮಗುವಿನ ವಯಸ್ಸು, ಪೋಷಣೆ ಮತ್ತು ಔಷಧ ಕರಗಿಸುವ ಗುಣ ಈ ಮೂರೂ ರಕ್ತದಲ್ಲಿನ ಔಷಧದ ಪ್ರಮಾಣವನ್ನು ಬದಲಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯೂ 2010ರಲ್ಲಿ ಮಕ್ಕಳ ಪ್ರಮಾಣವನ್ನು ಹೆಚ್ಚಿಸಿತ್ತು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಐಸೋನಿಯಾಜಿಡ್ 5 ಮಿಲಿಗ್ರಾಮಿನಿಂದ 10ಕ್ಕೂ, ರಿಫಾಂಪಿಸಿನ್ 10ರಿಂದ 15ಕ್ಕೂ ಏರಿತು.

ಆದರೆ ಇದನ್ನೆಲ್ಲ ಅಳೆಯುವುದು ಹೇಗೆ? ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆಗಳ ಅಂತರದಲ್ಲಿ ಹಲವು ಬಾರಿ ರಕ್ತನಾಳದಿಂದ ರಕ್ತ ತೆಗೆಯಬೇಕು. ಅದನ್ನು ಯಂತ್ರದಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರ್ಪಡಿಸಿ, ಶೀತಲಗೊಳಿಸಿ ಸಾಗಿಸಬೇಕು. ಬಡಕಲು ಮಗುವಿಗೆ ಇದೆಷ್ಟು ಹಿಂಸೆ! ಹಳ್ಳಿಯ ಆಸ್ಪತ್ರೆಗೆ ಅಂಥ ಸೌಕರ್ಯವಾದರೂ ಎಲ್ಲಿದೆ?

ಇದಕ್ಕೆ ಉಪಾಯವಾಗಿ ಬಂದದ್ದು ಒಣ ರಕ್ತದ ಚುಕ್ಕೆ. ಅಮೆರಿಕದ ಡಾ. ರಾಬರ್ಟ್ ಗುತ್ರಿ 1960ರ ದಶಕದಲ್ಲಿ ಹಸುಗೂಸಿನ ಹಿಮ್ಮಡಿಯ ಹನಿ ರಕ್ತವನ್ನು ಶೋಧಕ ಕಾಗದದ ಮೇಲೆ ಒಣಗಿಸಿ, ಹುಟ್ಟು ದೋಷಗಳನ್ನು ಪತ್ತೆಮಾಡುವ ಕ್ರಮವನ್ನು ಬಳಕೆಗೆ ತಂದರು. ಅಮೈನೋ ಆಮ್ಲಗಳ ಅಂಥ ದೋಷಗಳಿಗಾಗಿ ನಮ್ಮ ಕರ್ನಾಟಕದಲ್ಲಿಯೂ ಒಂದು ಲಕ್ಷಕ್ಕೂ ಮಿಕ್ಕ ನವಜಾತ ಶಿಶುಗಳ ತಪಾಸಣೆ ನಡೆದು, ಅದರ ವರದಿಯನ್ನು ಬೆಂಗಳೂರಿನ ಪ್ರೊ. ಎನ್. ಅಪ್ಪಾಜಿ ರಾವ್ ಮತ್ತು ಸಹೋದ್ಯೋಗಿಗಳು 1988ರಲ್ಲಿ ಪ್ರಕಟಿಸಿದರು.

ಔಷಧ ಪರೀಕ್ಷೆಗೂ ಈ ಚುಕ್ಕೆ ಒದಗುತ್ತದೆ. ಒಣಗಿದ ಕಾಗದದಿಂದ ಪುಟ್ಟ ಬಿಲ್ಲೆಯೊಂದನ್ನು ಕತ್ತರಿಸಿ, ದ್ರಾವಕದಲ್ಲಿ ನೆನೆಸಿ, ಔಷಧವನ್ನು ಹೊರತೆಗೆಯುತ್ತಾರೆ. ದ್ರವ ಕ್ರೊಮ್ಯಾಟೊಗ್ರಫಿ ಅದನ್ನು ಬೇರ್ಪಡಿಸುತ್ತದೆ, ಮಾಸ್ ಸ್ಪೆಕ್ಟ್ರೋಮೀಟರ್ ಅಳೆಯುತ್ತದೆ. ಅಂಚೆಯಲ್ಲಿಯೂ ಕಳುಹಿಸಬಹುದು.

ಇಲ್ಲೊಂದು ತೊಡಕಿದೆ. ರಕ್ತಹೀನತೆಯುಳ್ಳವರ ತೆಳು ರಕ್ತ ಕಾಗದದ ಮೇಲೆ ಅಗಲವಾಗಿ ಹರಡುತ್ತದೆ. ಆಗ ಅಷ್ಟೇ ಗಾತ್ರದ ಬಿಲ್ಲೆಯಲ್ಲಿ ರಕ್ತವೇ ಕಡಿಮೆ, ಔಷಧದ ಲೆಕ್ಕವೂ ತಪ್ಪು. ಯಾರಿಗಾಗಿ ಈ ಪರೀಕ್ಷೆ ಹುಟ್ಟಿತೋ ಅವರಲ್ಲೇ ಅದು ಮೋಸಹೋಗಬಹುದು. ಆದ್ದರಿಂದಲೇ ಈಗ, ರಕ್ತ ತೆಳುವಿರಲಿ ಮಂದವಿರಲಿ, ಖಚಿತವಾಗಿ 10 ಅಥವಾ 20 ಮೈಕ್ರೋಲೀಟರ್ ಮಾತ್ರ ಹೀರಿಕೊಳ್ಳುವ ಪುಟ್ಟ ಕಡ್ಡಿಗಳು ಬಂದಿವೆ. 20 ಮೈಕ್ರೋಲೀಟರ್ ಎಂದರೆ ಒಂದು ಮಿಲಿಲೀಟರಿನ ಐವತ್ತನೆಯ ಒಂದು ಪಾಲು! ಇನ್ನು ರಿಫಾಂಪಿಸಿನ್ ಬಿಸಿಲಿಗೂ ಶಾಖಕ್ಕೂ ಕೆಡುವ ವಸ್ತು. ನಮ್ಮೂರಿನ ಸೆಕೆಯಲ್ಲಿ ಚುಕ್ಕೆಯನ್ನು ತೇವ ಹೀರುವ ಪೊಟ್ಟಣದೊಡನೆ ಭದ್ರವಾಗಿ ಮುಚ್ಚಿಡಬೇಕಾಗುತ್ತದೆ. ಒಬ್ಬರೇ ರೋಗಿಯ ಬೆರಳಿನ ಹನಿಯನ್ನೂ ರಕ್ತನಾಳದ ರಕ್ತವನ್ನೂ ಒಟ್ಟಿಗೆ ಅಳೆದು, ಎರಡೂ ತಾಳೆಯಾದ ಮೇಲಷ್ಟೇ ಇಂಥ ವಿಧಾನವನ್ನು ನಂಬಬೇಕು.

ಕ್ಷಯವಿರುವ ಬಂಧುಗಳು ಇದನ್ನೋದಿ ತಾವಾಗಿಯೇ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಳ್ಳಬಾರದು. ವೈದ್ಯರು ಹೇಳಿದಷ್ಟನ್ನು, ಹೇಳಿದಷ್ಟು ದಿನ ತಪ್ಪದೆ ಸೇವಿಸಬೇಕು. ಸರಿಯಾಗಿ ಸೇವಿಸಿದರೂ ಗುಣ ಕಾಣದಿದ್ದಾಗ, ರೋಗಿಯ ಮೇಲೆ ಅನುಮಾನ ಪಡುವ ಮುನ್ನ ಅವರ ರಕ್ತವನ್ನು ಒಮ್ಮೆ ಕೇಳಿ ನೋಡುವುದು ನ್ಯಾಯ. ಅದಕ್ಕೆ ಒಂದು ಹನಿ ಸಾಕಾಗುವ ದಿನ ನಮ್ಮ ತಾಲೂಕು ಆಸ್ಪತ್ರೆಗಳಿಗೂ ಬೇಗ ಬರಲಿ.